ಅಟ್ಟದಲ್ಲಿರುವ ಟಿವಿ ಗೇಮ್ ಇಳಿಸಿ, ಮತ್ತೆ ಆಡುವುದು ಹೇಗೆ

ಸ್ವಿಚ್ ಒತ್ತಿದರೆ ಸಾಕು, ಆಟ ಶುರು. ಲಾಗಿನ್ ಕೇಳುವುದಿಲ್ಲ, ಅಪ್‌ಡೇಟ್‌ಗೆ ಕಾಯಿಸುವುದಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ, ದುಡ್ಡು ಕೊಟ್ಟು ಕತ್ತಿ ಕೊಳ್ಳಿ ಎನ್ನುವುದಿಲ್ಲ. ಮೂರು ಲೈಫ್ ಕೊಡುತ್ತದೆ. ಮೂರೂ ಹೋದರೆ ಪಕ್ಕದಲ್ಲಿ ಕೂತವರ ಸರದಿ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಕಳೆದವರಿಗೆ ಈ ಸುಖದ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಆದರೆ ಆ ಪೆಟ್ಟಿಗೆಯನ್ನು ಇವತ್ತಿನ ಟಿವಿಗೆ ಸಿಕ್ಕಿಸಿದರೆ ಹೆಚ್ಚಿನವರಿಗೆ ನಿರಾಸೆಯೇ ಕಾದಿರುತ್ತದೆ. ಚಿತ್ರ ಮಸುಕು, ಗುಂಡಿ ಒತ್ತಿದ ಮೇಲೆ ತಡವಾಗಿ ಹಾರುವ ಮಾರಿಯೋ, ಅರ್ಧಕ್ಕೇ ನಿಂತುಹೋಗುವ ಆಟದ ಕ್ಯಾಸೆಟ್. 'ಚಿಕ್ಕಂದಿನಲ್ಲಿ ಚೆನ್ನಾಗಿತ್ತು, ಈಗ ಹಿಡಿಸುತ್ತಿಲ್ಲ' ಎಂದು ಎತ್ತಿಟ್ಟುಬಿಡುತ್ತಾರೆ. ಆಟ ಹಳತಾಗಿಲ್ಲ, ಜೋಡಣೆ ಕೆಟ್ಟಿದೆ ಅಷ್ಟೆ. ಅದನ್ನು ಸರಿಪಡಿಸುವ ಬಗೆಯನ್ನು ಒಂದೊಂದಾಗಿ ನೋಡೋಣ.

ನಿಮ್ಮ ಪೆಟ್ಟಿಗೆ ಯಾವ ಕುಲದ್ದು

ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. ಅದೇ ಯಂತ್ರ 1985ರಲ್ಲಿ ಬೇರೆ ರೂಪ ತೊಟ್ಟು ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ನಮ್ಮ ಊರುಗಳಿಗೆ ಬಂದದ್ದು ಫ್ಯಾಮಿಕಾಮ್ ಕುಲದ ನಕಲು ಪೆಟ್ಟಿಗೆಗಳು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂದು ಮೇಲೆ ಏನೇ ಬರೆದಿದ್ದರೂ ಒಳಗಿನ ಲೆಕ್ಕಾಚಾರ ಒಂದೇ. ಕ್ಯಾಸೆಟ್‌ನ ಕೆಳಗಿನ ತಾಮ್ರದ ಹಲ್ಲುಗಳನ್ನು ಎಣಿಸಿ: ಎರಡೂ ಬದಿ ಸೇರಿ 60 ಇದ್ದರೆ ಫ್ಯಾಮಿಕಾಮ್ ಜಾತಿ, 72 ಇದ್ದರೆ ಅಮೆರಿಕದ ಎನ್‌ಇಎಸ್. ಇಲ್ಲಿ ಸಿಗುವ ಹಳದಿ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು 60 ಹಲ್ಲಿನವು. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಅಲ್ಲಿಂದ ಕ್ಯಾಸೆಟ್ ತರುವುದಾದರೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ತೂತಿಗೇ ಹೋಗುವುದಿಲ್ಲ.

ಕರೆಂಟ್ ಕೊಡುವ ಮುನ್ನ

ಅವಸರ ಪಟ್ಟರೆ ಯಂತ್ರ ಸುಡುವುದು ಈ ಹಂತದಲ್ಲೇ. ಅಟ್ಟದಿಂದ ಇಳಿಸಿದ ಕೂಡಲೇ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ.

ಪೆಟ್ಟಿಗೆಯ ಹಿಂದೆ ಅಥವಾ ಅಡಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ. ನಕಲು ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 9 ವೋಲ್ಟ್ ಡಿಸಿ. ಮೂಲ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, 850 ಮಿಲಿಆಂಪ್. ವೋಲ್ಟ್‌ನಷ್ಟೇ ಮುಖ್ಯವಾದದ್ದು ಪಿನ್ನಿನ ದಿಕ್ಕು. ಮೂಲ ಫ್ಯಾಮಿಕಾಮ್‌ನಲ್ಲಿ ಪಿನ್ನಿನ ನಡುಭಾಗ ಮೈನಸ್, ಹೊರಬಳೆ ಪ್ಲಸ್. ನಕಲುಗಳಲ್ಲೂ ಬಹುಪಾಲು ಹಾಗೆಯೇ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳದ್ದು ಇದಕ್ಕೆ ತದ್ವಿರುದ್ಧ, ನಡುಭಾಗ ಪ್ಲಸ್. ಪಿನ್ನು ಸರಿಯಾಗಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ. ಪ್ಲಸ್, ಮೈನಸ್ ದಿಕ್ಕು ತೋರಿಸುವ, ಪೆಟ್ಟಿಗೆಯ ಮೇಲಿನ ವೃತ್ತದ ಗುರುತನ್ನೂ ಅಡಾಪ್ಟರ್‌ನ ಗುರುತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗುರುತು ಅಳಿಸಿದ್ದರೆ ಹತ್ತಿರದ ಟಿವಿ ರಿಪೇರಿಯವರ ಬಳಿ ಒಯ್ಯಿರಿ, ಮಲ್ಟಿಮೀಟರ್ ಹಿಡಿದು ಒಂದು ನಿಮಿಷದಲ್ಲಿ ಹೇಳುತ್ತಾರೆ. ಅಮೆರಿಕದ ಎನ್‌ಇಎಸ್‌ನ ಅಡಾಪ್ಟರ್ ಕೊಡುವುದು ಎಸಿ ಕರೆಂಟ್. ಅದನ್ನು ಫ್ಯಾಮಿಕಾಮ್‌ಗಾಗಲಿ ಅದರ ನಕಲುಗಳಿಗಾಗಲಿ ಮುಟ್ಟಿಸಲೇಬಾರದು. ಅಲ್ಲಿಂದ ತಂದ ಅಡಾಪ್ಟರ್ 110 ವೋಲ್ಟ್ ಪ್ಲಗ್ಗಿನದ್ದೂ ಆಗಿರುವುದರಿಂದ ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಹೊಗೆಯೇ.

ಹಳೆಯ ಭಾರದ ಅಡಾಪ್ಟರ್ ಇದ್ದರೆ ಇನ್ನೊಂದು ಮಾತು. ಯಂತ್ರಕ್ಕೆ ಜೋಡಿಸದೆ ಅಳೆದಾಗ 9 ವೋಲ್ಟ್ ಎಂದು ಬರೆದದ್ದು 12, 13 ತೋರಿಸಬಹುದು. ಗಾಬರಿ ಬೇಡ. ಅಂಥ ಅಡಾಪ್ಟರ್‌ಗಳು ಹೊರೆ ಬಿದ್ದ ಮೇಲೆ ಇಳಿಯುತ್ತವೆ. ಪೆಟ್ಟಿಗೆಯೊಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇದ್ದು, ಬಂದದ್ದನ್ನೆಲ್ಲ 5 ವೋಲ್ಟ್‌ಗೆ ಇಳಿಸಿ ಚಿಪ್‌ಗಳಿಗೆ ಕೊಡುತ್ತದೆ. ಮಿಕ್ಕದ್ದು ಬಿಸಿಯಾಗಿ ಹೊರಹೋಗುತ್ತದೆ. ಆದ್ದರಿಂದ ಪೆಟ್ಟಿಗೆ ಬೆಚ್ಚಗಾಗುವುದು ಸಹಜ, ಕೈ ಇಡಲಾಗದಷ್ಟು ಸುಡುವುದು ಸಹಜವಲ್ಲ. ಸುಟ್ಟ ವಾಸನೆ ಬಂದರೆ, ಒಳಗಿನ ಪುಟ್ಟ ಸಿಲಿಂಡರಿನಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಅವನ್ನು ಬದಲಾಯಿಸಿದ ಮೇಲೆಯೇ ಮುಂದಿನ ಮಾತು. ಕೆಲವೇ ರೂಪಾಯಿಯ ಬಿಡಿಭಾಗಗಳವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಡಾಪ್ಟರ್, ಟಿವಿಗೆ ಜೋಡಿಸುವ ಆರ್‌ಸಿಎ ವೈರ್, ಕೆಪಾಸಿಟರ್ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಕ್ಯಾಸೆಟ್‌ಗೆ ಊದಬೇಡಿ

ನಾವೆಲ್ಲ ಊದಿದವರೇ. ಊದಿ ಹಾಕಿದರೆ ನಡೆಯುತ್ತಿತ್ತು ಕೂಡ. ನಡೆಯುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದರಿಂದ, ಆ ತಿಕ್ಕಾಟದಲ್ಲಿ ಹಲ್ಲು ಸರಿಯಾಗಿ ಕೂರುತ್ತಿತ್ತು. ಬಾಯಿಯ ತೇವ ತಾಮ್ರಕ್ಕೆ ತಾಗಿ ನಿಧಾನವಾಗಿ ಕಿಲುಬು ಹಿಡಿಸುತ್ತದೆ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ.

ಬೇಕಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಕಿವಿಗೆ ಹಾಕುವ ಹತ್ತಿ ಕಡ್ಡಿ. ಆಲ್ಕೋಹಾಲ್ ಶೇ 99ರದ್ದಾದರೆ ಉತ್ತಮ, ನೀರಿನಂಶ ಕಡಿಮೆ, ಬೇಗ ಆರುತ್ತದೆ. ಸ್ಯಾನಿಟೈಸರ್ ಬೇಡ, ಅದರ ಅಂಟು ಹಲ್ಲಿನ ಮೇಲೆ ಉಳಿಯುತ್ತದೆ. ಕಡ್ಡಿಯನ್ನು ತೇವ ಮಾಡಿ, ಹಲ್ಲುಗಳ ಉದ್ದಕ್ಕೆ ಮೇಲಿನಿಂದ ಕೆಳಗೆ ಒರೆಸಿ. ಹತ್ತಿ ಕಪ್ಪಾಗುತ್ತದೆ. ಹೊಸ ಕಡ್ಡಿ ತೆಗೆದುಕೊಳ್ಳಿ, ಹತ್ತಿ ಬೆಳ್ಳಗೇ ಉಳಿಯುವ ತನಕ ಮುಂದುವರಿಸಿ. ತೀರಾ ಹಸಿರು ಹಿಡಿದಿದ್ದರೆ ಮಾತ್ರ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಬಹುದು. ಉಜ್ಜಿದ ಪುಡಿಯನ್ನು ಮತ್ತೆ ಆಲ್ಕೋಹಾಲ್‌ನಿಂದ ಒರೆಸಲೇಬೇಕು. ಚೆನ್ನಾಗಿ ಆರಿದ ಮೇಲೆ ಕ್ಯಾಸೆಟ್ಟನ್ನು ನಾಲ್ಕೈದು ಬಾರಿ ಹಾಕಿ ತೆಗೆಯಿರಿ, ಪೆಟ್ಟಿಗೆಯ ಒಳಗಿನ ಪಿನ್‌ಗಳ ಕೊಳೆಯೂ ಅದರ ಜೊತೆ ಬರುತ್ತದೆ. ಈ ಕೆಲಸ ಮಾಡುವಾಗ ಸ್ವಿಚ್ ಆಫ್ ಇರಲಿ. ಆನ್ ಇರುವಾಗ ಕ್ಯಾಸೆಟ್ ಕೀಳುವ ಅಭ್ಯಾಸವನ್ನೂ ಇನ್ನು ಬಿಟ್ಟುಬಿಡಿ.

ಕಂಟ್ರೋಲರ್‌ನ ಗುಂಡಿ ಒತ್ತಿದಷ್ಟೂ ಕೆಲಸ ಮಾಡದಿದ್ದರೆ ಹಿಂದಿನ ಸ್ಕ್ರೂ ಬಿಚ್ಚಿ. ಒಳಗೆ ರಬ್ಬರ್ ಹಾಳೆ, ಅದರ ಅಡಿಯಲ್ಲಿ ಕಪ್ಪು ಚುಕ್ಕಿಗಳು, ಎದುರಿಗೆ ಸರ್ಕ್ಯೂಟ್ ಹಲಗೆ. ಹಲಗೆಯನ್ನು ಅದೇ ಆಲ್ಕೋಹಾಲ್‌ನಿಂದ ಒರೆಸಿ. ಕಪ್ಪು ಚುಕ್ಕಿಯನ್ನು ಮಾತ್ರ ಒಣ ಬಟ್ಟೆಯಲ್ಲಿ ಮೆಲ್ಲಗೆ ಸವರಿ, ಉಜ್ಜಿದರೆ ಇಂಗಾಲದ ಲೇಪ ಕಿತ್ತುಬರುತ್ತದೆ. ಒಂದು ಎಚ್ಚರಿಕೆ: ಈ ಪೆಟ್ಟಿಗೆಗಳ ಒಂಬತ್ತು ಪಿನ್ನಿನ ಕಂಟ್ರೋಲರ್ ತುದಿ ಸೆಗಾ ಎಂಬ ಇನ್ನೊಂದು ಕಂಪನಿಯ ಯಂತ್ರದ್ದರ ಹಾಗೆಯೇ ಕಾಣುತ್ತದೆ. ಒಳಗಿನ ತಂತಿ ಕ್ರಮ ಬೇರೆ. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಹಾಕಬೇಡಿ.

ಟಿವಿ: ಎಲ್ಲ ಸುಖದುಃಖ ಇಲ್ಲಿದೆ

ಮನೆಯಲ್ಲಿ ಇನ್ನೂ ದಪ್ಪ ಬೆನ್ನಿನ ಹಳೆಯ ಟಿವಿ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ ಆಟಗಳನ್ನು ಮಾಡಿದ್ದೇ ಆ ಪರದೆಗೆ. ಯಂತ್ರ ಬಿಡಿಸುವುದು 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರದ ಚಿತ್ರ. ಹಳೆಯ ಟಿವಿಯಲ್ಲಿ ಆ ಚುಕ್ಕಿಗಳು ಒಂದರೊಳಗೊಂದು ಕರಗಿ ದುಂಡಗೆ ಕಾಣುತ್ತವೆ. ಅದಕ್ಕಿಂತ ದೊಡ್ಡ ಲಾಭ, ಗುಂಡಿ ಒತ್ತುವುದಕ್ಕೂ ಪರದೆಯಲ್ಲಿ ಅದು ಕಾಣುವುದಕ್ಕೂ ನಡುವೆ ಟಿವಿ ತನ್ನದೇ ಆದ ತಡವನ್ನು ಸೇರಿಸುವುದಿಲ್ಲ. ಆ ಟಿವಿ ಕೆಟ್ಟರೆ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಪ್ರಾಣಕ್ಕೇ ಅಪಾಯ.

ಪೆಟ್ಟಿಗೆಯ ಹಿಂದೆ ಹಳದಿ ತೂತು ಇದ್ದರೆ ಎವಿ ವೈರ್ ಹಾಕಿ: ಹಳದಿ ಚಿತ್ರಕ್ಕೆ, ಬಿಳಿ ಅಥವಾ ಕೆಂಪು ಶಬ್ದಕ್ಕೆ. ಆಂಟೆನಾ ವೈರ್ ಮಾತ್ರ ಇದ್ದರೆ ಮೊದಲು ಆಟ ಆನ್ ಮಾಡಿ, ಆಮೇಲೆ ಟಿವಿಯಲ್ಲಿ ಅನಲಾಗ್ ಚಾನೆಲ್ ಹುಡುಕಾಟ ಕೊಡಿ. ಆಟ ನಡೆಯುತ್ತಿರುವಾಗಲೇ ಹುಡುಕಿದರೆ ಟಿವಿ ಅದನ್ನೊಂದು ಚಾನೆಲ್ ಎಂದು ಹಿಡಿಯುತ್ತದೆ. ಎರಡೂ ಇದ್ದರೆ ಎವಿಯೇ ಇರಲಿ, ಆಂಟೆನಾ ದಾರಿಯಲ್ಲಿ ಚಿತ್ರದ ಮೇಲೆ ಗೆರೆ ಓಡುತ್ತದೆ. ಚಿತ್ರ ಬಂದು ಬಣ್ಣ ಬಾರದಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಭಾರತದ ಟಿವಿಗಳದ್ದು ಪಾಲ್ ಪದ್ಧತಿ, ಜಪಾನ್ ಮತ್ತು ಅಮೆರಿಕದ್ದು ಎನ್‌ಟಿಎಸ್‌ಸಿ. ಟಿವಿಯ ಸೆಟ್ಟಿಂಗ್‌ನಲ್ಲಿ ಕಲರ್ ಸಿಸ್ಟಮ್ ಎಂದಿರುವಲ್ಲಿ ಆಟೋ ಇಡಿ, ಆಗದಿದ್ದರೆ ಒಂದೊಂದಾಗಿ ಬದಲಿಸಿ ನೋಡಿ.

ಹೊಸ ಚಪ್ಪಟೆ ಟಿವಿಗಳಲ್ಲಿ ಹಳದಿ ತೂತು ಕಾಣದಿದ್ದರೆ ಹೆಡ್‌ಫೋನ್ ತೂತಿನಂಥ ಒಂದು ಎವಿ ಇನ್ ತೂತು ಇದೆಯೇ ಹುಡುಕಿ. ಅದಕ್ಕೆ ಸೂಕ್ತವಾದ ವೈರ್ ಬೇರೆ ಬರುತ್ತದೆ. ಅದೂ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಬೇಕು. ಕೊಳ್ಳುವಾಗ ದಿಕ್ಕು ನೋಡಿಕೊಳ್ಳಿ. ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಡಬ್ಬಿಯೂ ನೋಡಲು ಥೇಟ್ ಹೀಗೆಯೇ ಇರುತ್ತದೆ, ಅದು ನಮಗೆ ಪ್ರಯೋಜನವಿಲ್ಲ.

ಅಗ್ಗದ ಡಬ್ಬಿಗಳಿಂದ ಚಿತ್ರ ಬರುತ್ತದೆ, ಆದರೆ ನನಗೆ ಅವುಗಳ ಮೇಲೆ ಪ್ರೀತಿಯಿಲ್ಲ. ಈ ಆಟಗಳ 240 ಗೆರೆಯ ಚಿತ್ರವನ್ನು ಅವು ಮಾಮೂಲಿ ಟಿವಿ ಕಾರ್ಯಕ್ರಮದ ಚಿತ್ರವೆಂದು ತಿಳಿದು ಎರಡೆರಡು ಚೌಕಟ್ಟುಗಳನ್ನು ಹೆಣೆಯುತ್ತವೆ. ಅದರಿಂದ ಅಂಚು ಹರಿದಂತೆ ಕಾಣುತ್ತದೆ, ಜೊತೆಗೆ ತಡವೂ ಸೇರುತ್ತದೆ. ಬಜೆಟ್ ಇದ್ದವರು ಹಳೆಯ ಯಂತ್ರಗಳಿಗೆಂದೇ ಮಾಡಿದ ರೆಟ್ರೋಟಿಂಕ್‌ನಂಥ ಸಾಧನ ಕೊಳ್ಳಬಹುದು. ಬಿಡುವಿನಲ್ಲಿ ಒಮ್ಮೆ ಆಡುವವರಿಗೆ ಅಷ್ಟು ಖರ್ಚು ಬೇಡ ಎಂಬುದೇ ನನ್ನ ಅಭಿಪ್ರಾಯ. ಪರಿಚಿತರ ಮನೆಯಲ್ಲಿ ಮೂಲೆಗೆ ಬಿದ್ದಿರುವ 14 ಇಂಚಿನ ಟಿವಿ ಕೇಳಿ ತಂದರೆ ಎಲ್ಲ ಡಬ್ಬಿಗಳಿಗಿಂತ ಮೇಲು.

ಚಪ್ಪಟೆ ಟಿವಿಯಲ್ಲೇ ಆಡುವುದಾದರೆ ಎರಡು ಸೆಟ್ಟಿಂಗ್ ಮರೆಯಬೇಡಿ. ಮೊದಲನೆಯದು ಗೇಮ್ ಮೋಡ್. ಸಿನಿಮಾ ಚೆನ್ನಾಗಿ ಕಾಣಲೆಂದು ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುತ್ತದೆ, ಆ ತಿದ್ದುಪಡಿಗೆ ಸಮಯ ಹಿಡಿಯುತ್ತದೆ. ಗೇಮ್ ಮೋಡ್ ಹಾಕಿದರೆ ಅದೆಲ್ಲ ನಿಲ್ಲುತ್ತದೆ. ಮಾರಿಯೋ ಗುಂಡಿಗೆ ಬೀಳುತ್ತಿರುವುದು ನಿಮ್ಮ ಬೆರಳಿನ ತಪ್ಪಲ್ಲ, ಈ ತಡದ ತಪ್ಪು ಎಂಬುದು ಒಮ್ಮೆ ಬದಲಿಸಿ ನೋಡಿದರೆ ತಿಳಿಯುತ್ತದೆ. ಎರಡನೆಯದು ಚಿತ್ರದ ಅಳತೆ, 4:3 ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಗನ್ ಮಾತ್ರ ಹಳೆಯ ಟಿವಿಯಲ್ಲಲ್ಲದೆ ಬೇರೆಲ್ಲೂ ನಡೆಯುವುದಿಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿದಂತೆ. ಅಂದರೆ ಗುಂಡು ಹಾರುವುದು ಟಿವಿಯಿಂದ ಗನ್ನಿಗೆ! ಚಪ್ಪಟೆ ಟಿವಿಯಲ್ಲಿ ಬೆಳಕು ತಡವಾಗಿ ಬರುತ್ತದೆ, ಅದರ ಮಿಣುಕಿನ ರೀತಿಯೂ ಬೇರೆ, ಹಾಗಾಗಿ ಗನ್ನಿಗೆ ಏನೂ ಕಾಣಿಸುವುದಿಲ್ಲ.

ಪೆಟ್ಟಿಗೆಯೇ ಇಲ್ಲದವರಿಗೆ

ಆಟಿಕೆ ಅಂಗಡಿಗಳಲ್ಲಿ ಇಂದಿಗೂ ಹೊಸ ನಕಲು ಪೆಟ್ಟಿಗೆಗಳು ಸಿಗುತ್ತವೆ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರ್‌ನಂಥ ಕಡೆ ಹಳೆಯವು ಸಿಕ್ಕರೂ ಸಿಗಬಹುದು. 9999 ಇನ್ 1 ಎಂದು ಬರೆದಿದ್ದರೆ ನಂಬಿ ಕೊಳ್ಳಬೇಡಿ. ಒಳಗಿರುವುದು ಕೆಲವೇ ಆಟ, ಅದನ್ನೇ ಬೇರೆ ಹೆಸರಿಟ್ಟು, ಬೇರೆ ಹಂತದಿಂದ ಶುರುವಾಗುವಂತೆ ಮಾಡಿ ಪಟ್ಟಿ ಉದ್ದ ಮಾಡಿರುತ್ತಾರೆ.

ಕಂಪ್ಯೂಟರ್‌ನಲ್ಲಿ ಆಡುವುದಾದರೆ ಕಾನೂನಿನ ದಾರಿಗಳೇ ಸಾಕಷ್ಟಿವೆ. ಕೊನಾಮಿ ಕಂಪನಿ 2019ರಲ್ಲಿ ಕಾಂಟ್ರಾ ಆಟಗಳ ಸಂಗ್ರಹವನ್ನು ಹೊರತಂದಿತು. ನಾಮ್ಕೊ ಕಂಪನಿ 2020ರಲ್ಲಿ ತನ್ನ ಹಳೆಯ ಆಟಗಳ ಎರಡು ಸಂಪುಟ ಬಿಡುಗಡೆ ಮಾಡಿತು, ಎರಡನೆಯದರಲ್ಲಿ ನಮ್ಮ ಟ್ಯಾಂಕ್ ಆಟವಿದೆ. ಇವೆಲ್ಲ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿವೆ. ಇದೇ ಹಳೆಯ ಯಂತ್ರಕ್ಕೆ ಇಂದಿಗೂ ಹೊಸ ಆಟ ಬರೆಯುವವರಿದ್ದಾರೆ. 2019ರಲ್ಲಿ ಬಂದ ಮೈಕ್ರೋ ಮೇಜಸ್ ಎಂಬ ಆಟ 40 ಕಿಲೋಬೈಟ್‌ನಲ್ಲಿ ಮುಗಿದಿದೆ, ನಾಲ್ವರು ಒಟ್ಟಿಗೆ ಆಡಬಹುದು. ಅಂಥ ಆಟದ ಫೈಲನ್ನು ದುಡ್ಡು ಕೊಟ್ಟು ಪಡೆದು ಮೆಸೆನ್ ಅಥವಾ ರೆಟ್ರೋಆರ್ಚ್ ಎಂಬ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್‌ನಲ್ಲಿ ನಡೆಸಿ. ರೆಟ್ರೋಆರ್ಚ್‌ನಲ್ಲಿ ರನ್ ಅಹೆಡ್ ಎಂಬ ಸೌಲಭ್ಯವಿದೆ, ತಡವನ್ನು ಕಡಿಮೆ ಮಾಡುತ್ತದೆ. ಎರಡು ಯುಎಸ್‌ಬಿ ಗೇಮ್‌ಪ್ಯಾಡ್ ಖಂಡಿತ ಕೊಳ್ಳಿ. ಮೊಬೈಲ್ ಗಾಜಿನ ಮೇಲೆ ಬೆರಳಾಡಿಸಿ ಈ ಆಟಗಳನ್ನು ಆಡುವುದು ಬೇಡ, ಗುಂಡಿಯ ಅಂಚು ಬೆರಳಿಗೆ ಸಿಗದೆ ಜಿಗಿತದ ಅಂದಾಜೇ ಸಿಗುವುದಿಲ್ಲ.

ಯಾವ ಆಟ, ಹೇಗೆ

ಒಂದು ಸಂಜೆಗೆ ಎರಡು ಆಟ ಸಾಕು. ಸಾವಿರ ಆಟದ ಪಟ್ಟಿ ಎದುರಿಗಿದ್ದರೆ ಪಟ್ಟಿ ಸರಿಸುವುದರಲ್ಲೇ ಹೊತ್ತು ಹೋಗುತ್ತದೆ, ಯಾವುದೂ ಕೈಹಿಡಿಯುವುದಿಲ್ಲ. ಆಗ ನಮ್ಮ ಬಳಿ ಇದ್ದದ್ದೇ ಎರಡು ಮೂರು ಕ್ಯಾಸೆಟ್, ಅದಕ್ಕೇ ಪ್ರತಿ ಗುಂಡಿ, ಪ್ರತಿ ಇಟ್ಟಿಗೆ ನೆನಪಿದೆ.

ಮೊದಲ ಸಲ ಆಡುವ ಮಕ್ಕಳ ಜೊತೆ ಕೂರುವುದಾದರೆ ಟ್ಯಾಂಕ್‌ನಿಂದ ಶುರುಮಾಡಿ. ಇದರ ನಿಜ ಹೆಸರು ಬ್ಯಾಟಲ್ ಸಿಟಿ, 1985ರದ್ದು. ನಮ್ಮ ಕ್ಯಾಸೆಟ್‌ಗಳಲ್ಲಿ ಟ್ಯಾಂಕ್ 1990 ಎಂಬ ತಿದ್ದಿದ ರೂಪವೂ ಓಡಾಡುತ್ತಿತ್ತು. ಒಂದು ಹಳದಿ ಟ್ಯಾಂಕ್, ಒಂದು ಹಸಿರು, ನಡುವೆ ಇಟ್ಟಿಗೆ ಗೂಡಿನಲ್ಲಿ ಹದ್ದು. ಒಂದು ಹಂತಕ್ಕೆ 20 ಶತ್ರು ಟ್ಯಾಂಕ್. ಇಬ್ಬರೂ ಬೇಟೆಗೆ ಹೊರಟರೆ ಹದ್ದು ಸಾಯುತ್ತದೆ, ಒಬ್ಬರು ಕಾವಲು ನಿಲ್ಲಲೇಬೇಕು. ಜೊತೆಗಾರನಿಗೆ ಗುಂಡು ತಾಗಿದರೆ ಅವನು ಸ್ವಲ್ಪ ಹೊತ್ತು ಕಲ್ಲಿನಂತೆ ನಿಲ್ಲುತ್ತಾನೆ, ಜಗಳಕ್ಕೆ ಅಷ್ಟು ಸಾಕು. ಮಿನುಗುವ ಟ್ಯಾಂಕ್ ಹೊಡೆದರೆ ಬಹುಮಾನ ಬೀಳುತ್ತದೆ: ಸಲಿಕೆ ತಗೊಂಡರೆ ಹದ್ದಿನ ಸುತ್ತ ಕೆಲಕಾಲ ಉಕ್ಕಿನ ಗೋಡೆ, ನಕ್ಷತ್ರ ಮೂರಾದರೆ ನಿಮ್ಮ ಗುಂಡು ಉಕ್ಕನ್ನೂ ಒಡೆಯುತ್ತದೆ. ಶುರುವಿನ ಪರದೆಯಲ್ಲಿ ಕನ್‌ಸ್ಟ್ರಕ್ಷನ್ ಎಂಬ ಆಯ್ಕೆ ಇದೆ, ಮಕ್ಕಳಿಗೆ ಅದನ್ನು ತೋರಿಸಲು ಮರೆಯಬೇಡಿ. ಇಟ್ಟಿಗೆ, ಉಕ್ಕು, ನೀರು, ಪೊದೆಗಳನ್ನು ತಾವೇ ಜೋಡಿಸಿ ಮೈದಾನ ಮಾಡಬಹುದು. ಯಂತ್ರ ಆಫ್ ಮಾಡಿದರೆ ಅದು ಅಳಿಸಿಹೋಗುತ್ತದೆ, ಆದ್ದರಿಂದ ಚೌಕುಳಿ ಪುಸ್ತಕದಲ್ಲಿ ಬಿಡಿಸಿಟ್ಟುಕೊಳ್ಳಲಿ.

ಮಾರಿಯೋ ಆಡುವಾಗ ಬಿ ಗುಂಡಿಯಿಂದ ಹೆಬ್ಬೆರಳು ಎತ್ತಬೇಡಿ. ಬಿ ಒತ್ತಿದರೆ ಓಟ, ಓಡುತ್ತಾ ಹಾರಿದರೆ ದೂರ. ಹೆಬ್ಬೆರಳ ತುದಿ ಬಿ ಮೇಲೆ, ಗೆಣ್ಣು ಎ ಮೇಲೆ ಉರುಳುವಂತೆ ಹಿಡಿಯಿರಿ. ಎರಡನೆಯ ಹಂತ ನೆಲದಡಿಯದ್ದು. ಅದರ ಕೊನೆಯಲ್ಲಿ ಚಾವಣಿ ಇಟ್ಟಿಗೆಯ ಮೇಲೇರಿ, ಹೊರಹೋಗುವ ಪೈಪ್ ದಾಟಿ ಓಡಿದರೆ ಎರಡು, ಮೂರು, ನಾಲ್ಕನೆಯ ಲೋಕಕ್ಕೆ (ಲೋಕ ಎಂದರೆ ಹಲವು ಹಂತಗಳ ಗುಂಪು) ನೇರ ದಾರಿ. ಬಹಳ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಎಲ್ಲ ಲೈಫ್ ಮುಗಿದು ಗೇಮ್ ಓವರ್ ಆದ ಮೇಲೆ ಮೊದಲ ಪರದೆಯಲ್ಲಿ ಎ ಗುಂಡಿ ಹಿಡಿದುಕೊಂಡು ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದಲೇ ಮುಂದುವರಿಯಬಹುದು. ಹಾಗೆಯೇ ಮೋಡವನ್ನೂ ಪೊದೆಯನ್ನೂ ಒಮ್ಮೆ ಗಮನಿಸಿ, ಎರಡರ ಆಕಾರವೂ ಒಂದೇ, ಬಣ್ಣ ಮಾತ್ರ ಬೇರೆ. ಇಡೀ ಆಟ 40 ಕಿಲೋಬೈಟ್, ಯಂತ್ರದ ಕೆಲಸದ ನೆನಪು ಬರೀ 2 ಕಿಲೋಬೈಟ್. ಜಾಗ ಉಳಿಸಲು ಅದೇ ಚಿತ್ರವನ್ನು ಮತ್ತೆ ಬಳಸಿದ ಆ ಜಾಣ್ಮೆ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಪರದೆಯಲ್ಲಿ ಶತ್ರುಗಳು ಹೆಚ್ಚಾದಾಗ ಕೆಲವರು ಮಿಣುಕುತ್ತಾರಲ್ಲ, ಅದೂ ಕೆಟ್ಟದ್ದರ ಲಕ್ಷಣವಲ್ಲ. ಒಂದು ಅಡ್ಡಗೆರೆಯಲ್ಲಿ ಎಂಟು ಚಲಿಸುವ ತುಣುಕುಗಳನ್ನಷ್ಟೇ ಯಂತ್ರ ತೋರಿಸಬಲ್ಲದು, ಮಿಕ್ಕವಕ್ಕೆ ಸರದಿಯ ಮೇಲೆ ಜಾಗ.

ಕಾಂಟ್ರಾ ಕಷ್ಟದ ಆಟ, ಒಂದು ಗುಂಡು ತಾಗಿದರೆ ಒಂದು ಲೈಫ್. ಶುರುವಿನ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ ಸ್ಟಾರ್ಟ್ ಕೊಟ್ಟರೆ ಮೂರರ ಬದಲು 30 ಲೈಫ್. ಇಬ್ಬರು ಆಡುವುದಾದರೆ ಸ್ಟಾರ್ಟ್‌ಗೆ ಮೊದಲು ಸೆಲೆಕ್ಟ್. ಕೆಲವು ಕ್ಯಾಸೆಟ್‌ಗಳಲ್ಲಿ ಶುರುವಿಗೇ 30 ಇರುತ್ತದೆ. ಎಸ್ ಅಕ್ಷರದ ಬಂದೂಕು ಸಿಕ್ಕರೆ ಬಿಡಬೇಡಿ, ಗುಂಡು ಬೀಸಣಿಗೆಯಂತೆ ಹರಡುತ್ತದೆ. ಮೂರನೆಯ ಹಂತದ ಜಲಪಾತದಲ್ಲಿ ಒಬ್ಬರು ಅವಸರದಿಂದ ಮೇಲೇರಿದರೆ ಕೆಳಗಿದ್ದವರು ಪರದೆಯಿಂದ ಜಾರಿ ಸಾಯುತ್ತಾರೆ. ಅಲ್ಲಿ 'ನಿಲ್ಲು ನಿಲ್ಲು, ನಾನು ಬಂದೆ' ಎಂದು ಕೂಗುತ್ತಲೇ ಆಡಬೇಕು.

ಅಜ್ಜಿ, ಅಮ್ಮಂದಿರನ್ನು ಕೂರಿಸಬೇಕಿದ್ದರೆ ರೋಡ್ ಫೈಟರ್ ಕೊಡಿ, ಎಡ ಬಲ ಗೊತ್ತಿದ್ದರೆ ಸಾಕು. ಬಣ್ಣಬಣ್ಣದ ಕಾರನ್ನು ತಾಗಿದರೆ ಪೆಟ್ರೋಲ್ ಸಿಗುತ್ತದೆ ಎಂಬುದೊಂದನ್ನು ಹೇಳಿಕೊಡಿ. ಬಾತುಕೋಳಿ ಬೇಟೆಯಲ್ಲಿ ಒಂಟಿ ಬಾತುಕೋಳಿಯ ಆಟ ಹಾಕಿದರೆ ಗನ್ ಹಿಡಿದವರ ಎದುರಾಳಿಯಾಗಿ ಇನ್ನೊಬ್ಬರು ಕಂಟ್ರೋಲರ್‌ನಿಂದ ಬಾತುಕೋಳಿಯನ್ನು ಹಾರಿಸಬಹುದು. ಅದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಗನ್‌ಗಿಂತ ಬಾತುಕೋಳಿಗೇ ಬೇಡಿಕೆ.

ಎಮ್ಯುಲೇಟರ್‌ನಲ್ಲಿ ಆಡುವವರು ಎಲ್ಲೆಂದರಲ್ಲಿ ಸೇವ್ ಮಾಡುವ ಸೌಲಭ್ಯವನ್ನು ಮೊದಲ ಕೆಲವು ದಿನ ಮುಟ್ಟದಿರಿ. ಸತ್ತರೆ ಮೊದಲಿನಿಂದ ಎಂಬ ಭಯ ಇದ್ದರೇನೇ ಕೊನೆಯ ಲೈಫ್‌ನಲ್ಲಿ ಕೈ ಬೆವರುವುದು, ಪಕ್ಕದವರು ಉಸಿರು ಹಿಡಿದು ನೋಡುವುದು. ಲೈಫ್‌ಗೊಮ್ಮೆ ಸರದಿ ಬದಲಾಗಲಿ.

ಆಡಿ ಮುಗಿಸಿದ ಮೇಲೆ

ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಅಡಾಪ್ಟರನ್ನು ಗೋಡೆಯಿಂದ ತೆಗೆಯಿರಿ. ಕಂಟ್ರೋಲರ್ ವೈರನ್ನು ಅದರ ಸುತ್ತಲೇ ಬಿಗಿಯಾಗಿ ಸುತ್ತಬೇಡಿ, ತುದಿಯಲ್ಲಿ ತಂತಿ ಒಳಗೊಳಗೇ ತುಂಡಾಗುತ್ತದೆ. ಸಡಿಲ ಉಂಗುರ ಮಾಡಿ ಇಡಿ. ಕ್ಯಾಸೆಟ್‌ಗಳು ಮುಚ್ಚಳವಿರುವ ಡಬ್ಬಿಯಲ್ಲಿರಲಿ. ಮಂಗಳೂರು, ಕಾರವಾರದಂಥ ತೇವದ ಊರುಗಳಲ್ಲಿ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವೊಂದನ್ನು ಜೊತೆಗೆ ಹಾಕಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಹೊರತೆಗೆದು ಆಡಿ, ಹಲ್ಲುಗಳಿಗೆ ಕಿಲುಬು ಹಿಡಿಯಲು ಬಿಡುವಿರಬಾರದು.